ಬಾಡಿಗೆಯಲ್ಲೇ ಕೊಟ್ಟ ಚಂದಾ

ಆಸ್ತಿ ತೆರಿಗೆಯ ರಸೀದಿಯಲ್ಲಿ ನಾವು ಗಮನಿಸದ ಒಂದು ಬಾಬತ್ತಿದೆ: ಗ್ರಂಥಾಲಯ ಕರ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದ ಈ ಕರ ಈಗ ತೆರಿಗೆಯ ಮೇಲೆ ನೂರಕ್ಕೆ 6ರಂತೆ ಸೇರುತ್ತದೆ. ಕಟ್ಟುವವರು ಮನೆ ಮಾಲೀಕರು, ನಿಜ. ಆದರೆ ಬಾಡಿಗೆ ಮನೆಗಳ ಮಟ್ಟಿಗೆ ಆ ಹಣ ಬರುವುದು ಬಾಡಿಗೆಯಿಂದಲೇ. ಅಂದರೆ ಒಡಿಶಾದಿಂದಲೋ ಬಿಹಾರದಿಂದಲೋ ಬಂದು, ಬೆಂಗಳೂರಿನ ಒಂದೇ ಕೋಣೆಯಲ್ಲಿ ನಾಲ್ವರು ಸೇರಿ ಬಾಡಿಗೆ ಕೊಡುವವರೂ ನಮ್ಮ ಗ್ರಂಥಾಲಯಗಳಿಗೆ ಆಗಲೇ ಚಂದಾ ಕೊಟ್ಟಾಗಿದೆ.

ಪಿಎಚ್.ಡಿ. ಓದಿಗೆಂದು ನಾನು ಕೂರುವ ಬಡಾವಣೆಯ ಗ್ರಂಥಾಲಯಕ್ಕೆ ರಾತ್ರಿ ಪಾಳಿ ಮುಗಿಸಿದ ಸೆಕ್ಯುರಿಟಿ ಗಾರ್ಡ್ ಒಬ್ಬರು ಬರುತ್ತಿದ್ದರು. ಅಲ್ಲಿ ಒಡಿಯಾ ಪತ್ರಿಕೆ ಇರಲಿಲ್ಲ. ಕನ್ನಡ ಪತ್ರಿಕೆಯ ಚಿತ್ರ ನೋಡುತ್ತಾ ಪುಟ ತಿರುವುತ್ತಿದ್ದರು. ಒಂದು ದಿನ ಮಕ್ಕಳ ಕಪಾಟಿನಿಂದ ಅಕ್ಷರಮಾಲೆ ಹಿಡಿದು ಬಂದು ಎದುರು ಕೂತರು. "ನಮ್ದೂ ಗುಂಡು ಗುಂಡು, ನಿಮ್ದೂ ಗುಂಡು ಗುಂಡು. ಓದೋಕೆ ಮಾತ್ರ ಬರಲ್ಲ ಮೇಡಂ" ಎಂದು ನಕ್ಕರು. ಬಸ್ಸಿನ ಬೋರ್ಡು ಓದುವಷ್ಟು ಕಲಿತರೆ ಸಾಕಿತ್ತು ಅವರಿಗೆ. ಪುಸ್ತಕ ಕೋಣೆಗೊಯ್ಯಲು ಸದಸ್ಯತ್ವ ಬೇಕು, ಅದಕ್ಕೆ ಇಲ್ಲಿನ ವಿಳಾಸದ ದಾಖಲೆ ಬೇಕು. ಅವರ ಆಧಾರ್‌ನಲ್ಲಿದ್ದದ್ದು ಗಂಜಾಂ ಜಿಲ್ಲೆಯ ಹಳ್ಳಿ.

ಹೊರಗಿನಿಂದ ಬಂದವರು ಕನ್ನಡ ಕಲಿಯುವುದಿಲ್ಲ ಎಂದು ದೂರುತ್ತೇವೆ. ಕಲಿಯಲು ಬಂದವರ ಕೈಗೆ ಅಕ್ಷರಮಾಲೆಯನ್ನೂ ಕೊಟ್ಟು ಕಳಿಸಲಾರೆವು.

ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳಲ್ಲಿ ಎರಡನೆಯದು ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕೆನ್ನುತ್ತದೆ. ಮೂರನೆಯದು ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕೆನ್ನುತ್ತದೆ. ತಮಿಳುನಾಡಿನ ಸೀರ್ಕಾಳಿಯಲ್ಲಿ ಹುಟ್ಟಿದ ಅವರು ಕೊನೆಗೆ ನೆಲೆ ನಿಂತದ್ದು ಬೆಂಗಳೂರಿನಲ್ಲಿ. ಅವರೂ ಈ ಊರಿಗೆ ಹೊಸಬರಾಗಿಯೇ ಬಂದವರು.

ಆಗಬೇಕಾದ ಕೆಲಸಕ್ಕೆ ದೊಡ್ಡ ಖರ್ಚಿಲ್ಲ. ಒಳಗೆ ಕೂತು ಓದಲು ದುಡ್ಡು ಬೇಡವೆಂದು ಬಾಗಿಲಲ್ಲಿ ಐದಾರು ಲಿಪಿಗಳಲ್ಲಿ ಬರೆಸಬಹುದು. ಮನೆ ಮಾಲೀಕರದೋ ಕೆಲಸ ಕೊಟ್ಟವರದೋ ಒಂದು ಚೀಟಿ ಸದಸ್ಯತ್ವಕ್ಕೆ ಸಾಕೆನ್ನಬಹುದು. ಒಡಿಯಾ, ಬಂಗಾಳಿ, ಹಿಂದಿ, ನೇಪಾಳಿ ಪುಸ್ತಕಗಳ ಪಕ್ಕದಲ್ಲೇ ಕನ್ನಡ ಕಲಿಸುವ ಪುಸ್ತಕಗಳನ್ನು ಜೋಡಿಸಬಹುದು.

ಇದರಿಂದ ಕನ್ನಡದ ಜಾಗ ಕಡಿಮೆಯಾಗುತ್ತದೆಂಬ ಅಳುಕು ನನಗೂ ಅರ್ಥವಾಗುತ್ತದೆ. ಆದರೆ ತಮ್ಮ ಭಾಷೆಯ ಪತ್ರಿಕೆ ಕಂಡವರು ಒಂದು ಗಳಿಗೆ ಕೂರುತ್ತಾರೆ, ಕೂತವರು ಪಕ್ಕದ ಪುಸ್ತಕಕ್ಕೂ ಕೈ ಚಾಚುತ್ತಾರೆ. ಬಾಗಿಲಲ್ಲೇ ಹಿಂದಿರುಗಿದವರಿಗೆ ನಾವು ಯಾವ ಕನ್ನಡವನ್ನೂ ಕಲಿಸಲಾರೆವು.