ಹೆಳವ ಬರುವ ಹೊತ್ತಿಗೆ ನಿಮ್ಮ ಹೆಸರು ಕಳಿಸು

ಆಲಮೇಲ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಮುಟ್ಟಿತು. ನಿನ್ನ ನೆರೆಮನೆಯ ಅಮೆರಿಕನ್ ಅಜ್ಜಿ, ಜರ್ಮನಿಯಿಂದ ಹಡಗು ಹತ್ತಿ ಬಂದ ತನ್ನ ಮುತ್ತಜ್ಜನ ಊರು ಹುಡುಕುತ್ತಿದ್ದಾಳೆ ಎಂದು ಬರೆದಿದ್ದೀಯ. ಕೊನೆಗೆ, ನಮ್ಮ ಹಿರಿಯರ ಲೆಕ್ಕ ಯಾರ ಹತ್ತಿರ ಇದ್ದೀತು ಎಂದು ಕೇಳಿದ್ದೀಯ.

ಅಜ್ಜಿಗೆ ದಾರಿ ಇದೆ. ಹ್ಯಾಂಬರ್ಗ್ ಬಂದರಿನಿಂದ 1850ರಿಂದ 1934ರವರೆಗೆ ಹೊರಟವರ ಪಟ್ಟಿಗಳು ಬಹುಪಾಲು ಉಳಿದಿವೆ. ಅದರಲ್ಲಿ ಊರು ಸಿಕ್ಕರೆ, ಆ ಊರಿನ ಚರ್ಚಿನ ಪುಸ್ತಕದಲ್ಲಿ ದೀಕ್ಷೆ, ಮದುವೆ, ಮಣ್ಣು ಎಲ್ಲವೂ ಸಿಕ್ಕಾವು. ಕಷ್ಟವೂ ಇದೆ: ಅಮೆರಿಕದಲ್ಲಿ ಎಷ್ಟೋ ಶ್ಮಿಟ್‌ಗಳು ಸ್ಮಿತ್ ಆದರು, ಮ್ಯೂಲರ್‌ಗಳು ಮಿಲ್ಲರ್ ಆದರು. 1890ರ ಅಲ್ಲಿನ ಜನಗಣತಿಯ ಹಾಳೆಗಳು 1921ರ ಬೆಂಕಿಯಲ್ಲಿ ಹಾಳಾಗಿ, ಮುಂದೆ ಬಹುತೇಕ ಇಲ್ಲವಾದವು. ಹೆಸರು ಒಂದೇ ಸಲಕ್ಕೆ ಸಿಗದಿದ್ದರೆ ಎದೆಗುಂದಬೇಡ ಎಂದು ಅಜ್ಜಿಗೆ ಹೇಳು.

ನಮ್ಮ ಲೆಕ್ಕ ಇರುವುದು ಹೆಳವರ ಹತ್ತಿರ. ಸುಗ್ಗಿ ಮುಗಿದ ಮೇಲೆ ಎತ್ತಿನ ಜೊತೆ, ಗಂಟೆ ಬಾರಿಸುತ್ತ ಅಂಗಳಕ್ಕೆ ಬಂದು ನಿಲ್ಲುತ್ತಿದ್ದರಲ್ಲ, ಅವರೇ. ಒಂದೊಂದು ಹೆಳವ ಕುಟುಂಬಕ್ಕೆ ಇಂತಿಂಥ ಊರು, ಇಂತಿಂಥ ಮನೆತನ ಎಂದು ತಲೆಮಾರಿನಿಂದ ಹಂಚಿಕೆ ಉಂಟು. ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ರಾಗವಾಗಿ ಹೇಳುತ್ತಾರೆ. ಯಾರು ಯಾವ ಊರಿನಿಂದ ಎದ್ದು ಎಲ್ಲಿ ನೆಲೆಸಿದರು ಎಂಬುದನ್ನೂ ಬಿಡುವುದಿಲ್ಲ. ಹೊಸದಾಗಿ ಹುಟ್ಟಿದವರ ಹೆಸರು ಕೇಳಿ ತಮ್ಮ ಹೊತ್ತಿಗೆಯಲ್ಲಿ ಬರೆದುಕೊಂಡು, ಜೋಳವನ್ನೋ ಬಟ್ಟೆಯನ್ನೋ ರೊಕ್ಕವನ್ನೋ ಪಡೆದು ಮುಂದಿನ ಮನೆಗೆ ನಡೆಯುತ್ತಾರೆ. ನಡೆಯಲಾರದ ತಮ್ಮ ಹಿರಿಯನಿಗೆ ಎತ್ತು ಕೊಟ್ಟವನು ಬಸವಣ್ಣ ಎಂಬುದು ಅವರ ನಂಬಿಕೆ. ಬಸವನ ಬಾಗೇವಾಡಿಯ ಸೀಮೆಯಲ್ಲಿ ನಿಂತು ಅದನ್ನು ಕೇಳುವಾಗ ನನಗೆ ಮೈ ಜುಮ್ಮೆನ್ನುತ್ತದೆ.

ನಮ್ಮ ಸೀಮೆಯಲ್ಲೇ ನೋಡು. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ಮುಂದೆ ಕೃಷ್ಣೆಯ ದಂಡೆಯ ಎಷ್ಟೋ ಊರುಗಳು ಹಿನ್ನೀರಿಗೆ ಹೋದವು, ಜನ ಪುನರ್ವಸತಿ ಕೇಂದ್ರಗಳಿಗೆ ಎದ್ದರು. ಹಾಗೆ ಎದ್ದ ಮನೆತನಕ್ಕೆ ಮುಳುಗಿದ ಊರಿನ ಹೆಸರು ಹೇಳಿ ಕೂಗುವವನು ಹೆಳವನಲ್ಲದೆ ಮತ್ಯಾರು?

ಆದರೆ ಹ್ಯಾಂಬರ್ಗಿನ ಕಾಗದ ನೂರು ವರ್ಷ ಪೆಟ್ಟಿಗೆಯಲ್ಲಿ ಕಾಯುತ್ತದೆ. ಹೆಳವನ ಹೊತ್ತಿಗೆಗೆ ಬಾಗಿಲಲ್ಲಿ ನಿಂತು ಉತ್ತರಿಸುವವರು ಬೇಕು. ಪುಣೆಗೋ ಬೆಂಗಳೂರಿಗೋ ಹೋದವರ ಮನೆಗೆ ಬೀಗ ಕಂಡರೆ, ಆ ಕವಲು ಅಲ್ಲಿಗೇ ನಿಲ್ಲುತ್ತದೆ. ಹೆಳವರ ಮಕ್ಕಳಲ್ಲೂ ಬಹಳ ಜನ ಬೇರೆ ಕೆಲಸ ಹಿಡಿದಿದ್ದಾರೆ. ತಪ್ಪೆನ್ನಲಾರೆ, ಊರೂರು ಅಲೆಯುವ ಬದುಕು ಸುಲಭದ್ದಲ್ಲ.

ಅದಕ್ಕೇ ಈ ಪತ್ರ. ನಿನ್ನ, ನಿನ್ನ ಮನೆಯವರ, ಮಕ್ಕಳ ಹೆಸರು, ಹುಟ್ಟಿದ ವರ್ಷ, ಈಗಿರುವ ಊರು ಬರೆದು ಕಳಿಸು. ಮಗಳ ಹೆಸರು ಮೊದಲು ಬರೆ. ಹೊತ್ತಿಗೆಯಲ್ಲಿ ಗಂಡುಮಕ್ಕಳಷ್ಟೇ ತುಂಬುವುದು ನನಗೆ ಒಪ್ಪದು. ಈ ಸಲ ಹೆಳವ ಬಂದಾಗ ನಿಮ್ಮ ಬಾಗಿಲಲ್ಲಿ ನಾನೇ ನಿಂತು ಬರೆಸುತ್ತೇನೆ, ಅವನಿಗೆ ಸಲ್ಲಬೇಕಾದ ಜೋಳವನ್ನೂ ಅಳೆಯುತ್ತೇನೆ.

ನಿನ್ನವ