ದೀಪ ತಗ್ಗಿಸುವ ಸೌಜನ್ಯ

ಹರಟೆಗೆ ವಿಷಯ ಬೇಕೆನ್ನುವವರು ಹರಟೆಯ ರುಚಿಯನ್ನರಿಯದವರು. ನಮ್ಮ ಮಿತ್ರಮಂಡಲಿಯಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಿಂದ ಒಬ್ಬೊಬ್ಬರಂತೆ ನಾಲ್ವರು ನಿವೃತ್ತರಿದ್ದೇವೆ. ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುವುದು ನಮ್ಮ ವಾಡಿಕೆ. ತಿಂಗಳಿಗೊಮ್ಮೆ ಸಂಜೆ ಮಧುಗಿರಿಯಲ್ಲಿ ನಮ್ಮ ಮನೆಯ ಜಗಲಿಯ ಮೇಲೆ ಸೇರುತ್ತೇವೆ. ಈಚೆಗೆ ನಮ್ಮ ಮಾತೆಲ್ಲ ಕಣ್ಣು ಕೋರೈಸುವ ಬೆಳಕನ್ನು ಕುರಿತದ್ದೇ ಆಗಿದೆ.

ಏಕಶಿಲೆಯ ಬೆಟ್ಟದ ಬುಡದಲ್ಲಿ ಬಾಳುವ ನನಗೆ ಮಧ್ಯಾಹ್ನದ ಪ್ರಖರತೆ ಹೊಸದಲ್ಲ. ಆದರೆ ಬಿಸಿಲಿನಲ್ಲಿ ಫೋನು ತೆರೆದರೆ ಪರದೆಯಲ್ಲಿ ಅಕ್ಷರದ ಬದಲು ನನ್ನ ಮುಖವೇ ಕಾಣುವುದನ್ನು ಮಾತ್ರ ಸಹಿಸಲಾರೆ! ಮೊಮ್ಮಗಳು ಅದಕ್ಕೊಂದು ಮಂಕು ಹಾಳೆಯನ್ನು ಅಂಟಿಸಿಕೊಟ್ಟಳು. ನುಣುಪಾದ ಗಾಜು ಕನ್ನಡಿಯಂತೆ ಬೆಳಕನ್ನು ಒಂದೇ ದಿಕ್ಕಿಗೆ ಎಸೆಯುತ್ತದೆ. ತುಸು ಒರಟಾದ ಹಾಳೆ ಅದನ್ನು ಚದುರಿಸಿಬಿಡುತ್ತದೆ. ಅಕ್ಷರ ಕೊಂಚ ಮಸುಕಾದರೂ ಓದಲು ಅಡ್ಡಿಯಿಲ್ಲ. ಸಣ್ಣ ಸಂತೋಷಗಳ ಪಟ್ಟಿಯಲ್ಲಿ ಅದಕ್ಕೂ ಒಂದು ಸ್ಥಾನವಿರಲಿ.

"ನಿಮ್ಮದು ಅಂಗೈಯಗಲದ ಗಾಜು ಸ್ವಾಮಿ, ನಮ್ಮದು ಐದು ಊರುಗಳ ಗಾಜು!" ಎಂದರು ಪಾವಗಡದವರು. 2018ರಲ್ಲಿ ಉದ್ಘಾಟನೆಯಾದ ತಿರುಮಣಿಯ ಸೌರ ವಿದ್ಯುತ್ ಉದ್ಯಾನ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ ಜಮೀನಿನಲ್ಲಿ ಹಬ್ಬಿದೆ. ಅದರ ಸಾಮರ್ಥ್ಯ 2,050 ಮೆಗಾವಾಟ್. ಅಲ್ಲಿ ಕಣ್ಣು ಬಿಡುವುದೇ ಕಷ್ಟವೆಂದು ನಾನು ಭಾವಿಸಿದ್ದೆ. ಅವರ ವಿವರಣೆಯೇ ಬೇರೆ. ಪ್ರತಿಫಲಿಸಿ ಹೋದ ಬೆಳಕು ಫಲಕದ ಪಾಲಿಗೆ ನಷ್ಟ. ಆದ್ದರಿಂದಲೇ ಪ್ರತಿಫಲನವನ್ನು ತಗ್ಗಿಸುವ ಲೇಪವನ್ನು ಗಾಜಿಗೆ ಬಳಿದಿರುತ್ತಾರೆ. ಸೂರ್ಯ ಓರೆಯಾದಾಗ ಒಮ್ಮೊಮ್ಮೆ ಮಿಂಚೀತು. ಉಳಿದಂತೆ ದೂರದಿಂದ ಅದು ಕಡುನೀಲಿ ಕೆರೆಯಂತೆ ಕಾಣುತ್ತದೆಯಂತೆ.

ಮಾತು ಕಾರುಗಳತ್ತ ಹೊರಳಿತು. ಶಿರಾದವರಿಗೆ ಪ್ರೀಮಿಯರ್ ಪದ್ಮಿನಿಯೆಂದರೆ ಪ್ರಾಣ. ಕೊರಟಗೆರೆಯವರ ಮನೆಯಲ್ಲಿ ಅಂಬಾಸಡರ್ ಇನ್ನೂ ಇದೆ. 2014ರಲ್ಲಿ ಅದರ ತಯಾರಿಕೆ ನಿಂತಾಗ ಆಪ್ತರು ತೀರಿಕೊಂಡಂತೆ ಮರುಗಿದವರು ಅವರು. ಅವರ ಹಳೆಯ ಮಾದರಿಯಲ್ಲಿ ಕ್ಲಚ್ಚಿನ ಎಡಗಡೆ ನೆಲದ ಮೇಲೊಂದು ಗುಂಡಿಯಿದೆ. ಎಡಗಾಲಿನಿಂದ ಒತ್ತಿದರೆ ದೀಪ ತಗ್ಗುತ್ತದೆ. "ಎದುರಿನವನಿಗೆ ಕಾಲಿನಿಂದಲೇ ನಮಸ್ಕಾರ ಮಾಡುವ ಗಾಡಿ ಇದೊಂದೇ ಕಣಯ್ಯಾ" ಎಂಬುದು ಅವರ ಹಳೆಯ ವಿನೋದ.

ಆದರೆ ಆ ಸಂಜೆ ಅವರು ನಗಲಿಲ್ಲ. ಕಣ್ಣಿಗೆ ಪೊರೆ ಬಂದಿದೆ. ಕಣ್ಣೊಳಗಿನ ಮಸೂರ ಮಬ್ಬಾದಾಗ ಅದರ ಮೂಲಕ ಸಾಗುವ ಬೆಳಕು ಒಳಗೇ ಚದುರುತ್ತದೆ; ಎದುರು ಬರುವ ದೀಪದ ಸುತ್ತ ಪ್ರಭಾವಳಿ ಮೂಡಿ, ರಸ್ತೆಯೇ ಕರಗಿಹೋಗುತ್ತದೆ. ನನ್ನ ಪರದೆಗೆ ಉಪಕಾರ ಮಾಡಿದ ಚದುರುವಿಕೆ ಅವರ ಕಣ್ಣಿಗೆ ಅಪಕಾರವಾಗಿತ್ತು. ಕಾರನ್ನು ಮಾರಿಬಿಡಿ ಎಂದು ಮಗ ಹೇಳುತ್ತಿದ್ದಾನೆ. "ರಾತ್ರಿ ಕಾರು ಬಿಡಲಾಗದವನು ಸಂಜೆಯ ಕೂಟಕ್ಕೆ ಬರುವುದೆಂತು? ಇನ್ನು ನೀವು ಮೂವರೇ ಸೇರಿಕೊಳ್ಳಿ" ಎಂದು ಮೆಲ್ಲನೆ ನುಡಿದರು.

ಪೊರೆ ತೆಗೆದು ಕೃತಕ ಮಸೂರ ಕೂರಿಸುವುದು ಇಂದು ಸಾಮಾನ್ಯ ಚಿಕಿತ್ಸೆ. ಅದನ್ನು ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ, ಸದಾ ವಾದಿಸುವ ಶಿರಾದವರು, "ಸಂಜೆಯೇ ಏಕೆ ಸೇರಬೇಕು? ಬೆಳಿಗ್ಗೆ ಹತ್ತಕ್ಕೆ ಸೇರಿದರೆ ಉಪ್ಪಿಟ್ಟು ದೊರೆಯದೆ?" ಎಂದರು. ಅನುಕಂಪದ ಒಂದು ಶಬ್ದವೂ ಅದರಲ್ಲಿರಲಿಲ್ಲ. ಪಾವಗಡದವರು ತಲೆಯಾಡಿಸಿದರು. ಒಳಗಿನಿಂದ ನನ್ನಾಕೆ, "ಕೇಸರಿಭಾತೂ ಉಂಟು" ಎಂದಳು.

ಹಿತವಚನವನ್ನು ಕಣ್ಣಿಗೆ ರಾಚುವಂತೆ ಬೀರುವುದು ಸುಲಭ. ಎದುರಿಗಿರುವವರ ಕಣ್ಣು ನೋಡಿ ತಗ್ಗಿಸುವುದು ಸ್ನೇಹದ ಕೆಲಸ. ಚಿಕಿತ್ಸೆಯ ಮಾತನ್ನು ಉಪ್ಪಿಟ್ಟಿನ ಜೊತೆಗೇ ಆಡಿದೆವು; ಅವರೂ ಒಪ್ಪಿದರು. ಅಲ್ಲಿಯವರೆಗೆ ಅಂಬಾಸಡರ್ ಹಗಲಿನಲ್ಲಿ ಮಗನೊಡನೆ ಬರುತ್ತದೆ; ಮಾರುವ ಮಾತು ಸದ್ಯಕ್ಕೆ ನಿಂತಿದೆ.