ಕೆಮ್ಮು ನಿಂತ ಮೇಲಿನ ದಿನಗಳು

ಕೋವಳಂನಿಂದ ಬೆಳಗಿನ ಜಾವ ಹೊರಟ ದೋಣಿ ತುಂಬಾ ದೂರ ಬಂದಿತ್ತು. ಚೆನ್ನೈ ಕಡಲು ಒಮ್ಮೆಲೇ ಆಳವಾಗುವುದಿಲ್ಲ; 25 ಮೀಟರ್ ನೀರು ಸಿಗಬೇಕಾದರೆ ದಡ ಗೆರೆಯಂತೆ ಸಣ್ಣದಾಗುವವರೆಗೆ ಹೋಗಬೇಕು. ಒಂದೇ ಉಸಿರಿನಲ್ಲಿ, ಹಗ್ಗದ ಜಾಡು ಹಿಡಿದು 24 ಮೀಟರ್ ಇಳಿದು ಮೇಲೆ ಬಂದ ಆಕೆಗೆ ಮೊದಲು ಅನುಭವಕ್ಕೆ ಬಂದದ್ದು ಎದೆಯೊಳಗೆ ಏನೋ ಗುಳುಗುಳು ಎಂದದ್ದು. ಕೆಮ್ಮಿ ಬಿಳಿ ಟವೆಲಿನ ಮೂಲೆಗೆ ಉಗುಳಿದಳು. ತಿಳಿ ಗುಲಾಬಿ ನೊರೆ. ಟವೆಲನ್ನು ಮಡಚಿ ಚೀಲದೊಳಗೆ ತುರುಕಿದಳು. ಜೊತೆಗೆ ಮುಳುಗುವ ಗೆಳೆಯ "ಏನಾಯ್ತು?" ಎಂದಾಗ "ಗಂಟಲಿಗೆ ಉಪ್ಪುನೀರು ಹೋಯ್ತು" ಎಂದಳು.

ಅದು ಮೂರನೆಯ ಸಲ. ಮೊದಲನೆಯದು ಅಂಡಮಾನಿನಲ್ಲಿ, 32 ಮೀಟರಿಗೆ. ಎರಡನೆಯದು ಆರು ವಾರ ಬಿಟ್ಟು, 29 ಮೀಟರಿಗೆ. ಈಗ 24. ಅಂಕಿ ಕಡಿಮೆಯಾಗುತ್ತಿರುವುದು ಆಕೆಗೆ ಕಾಣುತ್ತಿತ್ತು. ಆದರೆ ಅದರ ಅರ್ಥವನ್ನು ತನಗೆ ತಾನೇ ಹೇಳಿಕೊಳ್ಳಲು ಆಕೆ ಸಿದ್ಧಳಿರಲಿಲ್ಲ.

ಫ್ರೀಡೈವಿಂಗ್ ಮಾಡುವವರು ಇದನ್ನು ಸ್ಕ್ವೀಜ್ ಎನ್ನುತ್ತಾರೆ, ಅಂದರೆ ಹಿಂಡುವುದು. ಬಟ್ಟೆ ಹಿಂಡಿದರೆ ನೀರು ಹೊರಗೆ ಹೋಗುತ್ತದೆ. ಪುಪ್ಪುಸ ಹಿಂಡಿದಾಗ ನೀರು ಒಳಗೆ ಬರುತ್ತದೆ. 10 ಮೀಟರ್ ಆಳದಲ್ಲಿ ಎದೆಯೊಳಗಿನ ಗಾಳಿ ಅರ್ಧದಷ್ಟಾಗುತ್ತದೆ, 20ರಲ್ಲಿ ಮೂರನೆಯ ಒಂದು ಭಾಗ, 30ರಲ್ಲಿ ಕಾಲು ಭಾಗ. ಮೇಲೆ 5 ಲೀಟರ್ ಇದ್ದದ್ದು 30 ಮೀಟರಿನಲ್ಲಿ ಒಂದೂಕಾಲು ಲೀಟರ್. ನಾವು ಪೂರ್ತಿ ಉಸಿರು ಹೊರಗೆ ಬಿಟ್ಟ ಮೇಲೂ ಪುಪ್ಪುಸದಲ್ಲಿ ಉಳಿಯುವ ಗಾಳಿ ಹೆಚ್ಚುಕಡಿಮೆ ಅಷ್ಟೇ. ಅದಕ್ಕಿಂತ ಕೆಳಗೆ ಹೋದರೆ ಎದೆಗೂಡು ಇನ್ನು ಕುಗ್ಗಲಾರದು. ಖಾಲಿಯಾದ ಜಾಗವನ್ನು ದೇಹ ರಕ್ತದಿಂದ ತುಂಬುತ್ತದೆ. ಅಮೆರಿಕದ ನೌಕಾಪಡೆಯ ರಾಬರ್ಟ್ ಕ್ರಾಫ್ಟ್ ಮೇಲೆ ನಡೆಸಿದ ಅಧ್ಯಯನದಲ್ಲಿ, ಕೈಕಾಲುಗಳ ರಕ್ತ ಹೀಗೆ ಎದೆಗೆ ಬರುವುದನ್ನು 1968ರಲ್ಲಿ ವಿಜ್ಞಾನಿಗಳು ತೋರಿಸಿದರು. ದೇಹವನ್ನು ಉಳಿಸುವುದೂ ಇದೇ, ಕೆಲವೊಮ್ಮೆ ಕೆಡಿಸುವುದೂ ಇದೇ. ರಕ್ತ ತುಂಬಿ ಬಿಗಿದ ಸೂಕ್ಷ್ಮ ನಾಳಗಳು ಒಸರಿದರೆ ದ್ರವ, ರಕ್ತ ಎರಡೂ ಗಾಳಿಯ ಚೀಲಗಳಿಗೆ ಇಳಿಯುತ್ತವೆ. ಆಳದಲ್ಲಿ ಗಾಬರಿಯಾದರೆ, ಉಸಿರಿಗಾಗಿ ವಪೆ ಜಗ್ಗಿದರೆ, ತಿರುಗುವಾಗ ಕತ್ತು ಹಿಂದಕ್ಕೆ ಚಾಚಿದರೆ, ಅದು ಇನ್ನೂ ಕಡಿಮೆ ಆಳದಲ್ಲೇ ಆಗಬಹುದು.

ಇಷ್ಟೆಲ್ಲ ಆಕೆಗೆ ಗೊತ್ತಿತ್ತು. ಗೊತ್ತಿದ್ದೂ ಹಿಂದಿನ ಎರಡು ಸಲ ನಡೆದದ್ದು ಒಂದೇ ರೀತಿ. ಮೊದಲ ದಿನ ಎದೆ ಭಾರ, ಮೆಟ್ಟಿಲು ಹತ್ತಿದರೆ ಏದುಸಿರು. ಎರಡನೆಯ ದಿನ ಒಣಕೆಮ್ಮು. ಫೋನಿನಲ್ಲಿ ಕುಮಟಾದಿಂದ ಅಮ್ಮ, "ಎಂತಾ ಕೆಮ್ಮೇ ಅದು? ಶುಂಠಿ ಕಷಾಯ ಮಾಡ್ಕಂಡು ಕುಡಿ" ಎಂದರು. ನಾಲ್ಕನೆಯ ದಿನ ಕೆಮ್ಮು ನಿಂತಿತು. ಎರಡನೆಯ ವಾರ ಈಜುಕೊಳ, ಮೂರನೆಯ ವಾರ ಮುಂದಿನ ಪ್ರವಾಸಕ್ಕೆ ವಿಮಾನದ ಟಿಕೆಟ್. "ಸಣ್ಣ ಸ್ಕ್ವೀಜ್ ಅಷ್ಟೇ" ಎಂಬ ಮಾತು ಈ ಆಟದವರ ಬಾಯಲ್ಲಿ ಸಲೀಸಾಗಿ ಬರುತ್ತದೆ, ಕ್ರಿಕೆಟಿನವರು "ಸಣ್ಣ ಉಳುಕು" ಎಂದಂತೆ.

ಈ ಸಲ ತಿರುವಾನ್ಮಿಯೂರಿನ ಮನೆಗೆ ಬಂದು, ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರನ್ನು ಬೆರಳಿಗೆ ಹಾಕಿದಾಗ 93 ತೋರಿಸಿತು. ಆಸ್ಪತ್ರೆಗೆ ಹೋದಳು. ಎದೆರೋಗದ ಡಾಕ್ಟರು ವಯಸ್ಸಾದವರು. ಕಫದಲ್ಲಿ ರಕ್ತ ಎಂದ ಕೂಡಲೇ ಕೇಳಿದ್ದು: ಜ್ವರ ಬರುತ್ತದೆಯೇ, ತೂಕ ಇಳಿದಿದೆಯೇ, ಮನೆಯಲ್ಲಿ ಯಾರಿಗಾದರೂ ಟಿಬಿ ಇತ್ತೇ? ಸಮುದ್ರದ ಕತೆಯನ್ನು ಕೇಳಿಸಿಕೊಂಡ ಮೇಲೂ ಕಫ ಪರೀಕ್ಷೆ ಬರೆದುಕೊಟ್ಟರು. ಆಕೆಗೆ ಕೊಂಚ ನಗು ಬಂತು. ಪರೀಕ್ಷೆಯಲ್ಲಿ ಟಿಬಿ ಇಲ್ಲ ಎಂದಾಯಿತು. ಸ್ಕ್ಯಾನಿನಲ್ಲಿ ಎರಡು ಕಡೆ ಮಂಜು ಕವಿದಂಥ ಕಲೆಗಳಿದ್ದವು.

ವಾರದ ನಂತರದ ಎಕ್ಸ್-ರೇ ಸ್ವಚ್ಛವಾಗಿತ್ತು. "ಹಾಗಾದರೆ ವಾಸಿಯಾಯಿತಲ್ಲ?" ಎಂದಳು. ಡಾಕ್ಟರು ಅದಕ್ಕೆ ಉತ್ತರವಾಗಿ ಚೇತ್‌ಪಟ್‌ನ ಕತೆ ಹೇಳಿದರು. 1956ರಲ್ಲಿ ಇದೇ ಊರಿನಲ್ಲಿ ಟಿಬಿ ಔಷಧ ಚಿಕಿತ್ಸೆಯ ಸಂಶೋಧನಾ ಕೇಂದ್ರ ಶುರುವಾಯಿತು. ರೋಗಿಯನ್ನು ಸ್ಯಾನಟೋರಿಯಂನಲ್ಲಿಟ್ಟು ಒಳ್ಳೆಯ ಊಟ, ವಿಶ್ರಾಂತಿ ಕೊಟ್ಟರೇ ಗುಣವಾಗುವುದೋ, ಇಕ್ಕಟ್ಟಾದ ಮನೆಯಲ್ಲೇ ಇದ್ದು ಅದೇ ಮಾತ್ರೆ ನುಂಗಿದರೂ ಗುಣವಾಗುವುದೋ ಎಂದು ಹೋಲಿಸಿ ನೋಡಿದರು. ಒಂದು ವರ್ಷದ ಚಿಕಿತ್ಸೆ. 1959ರಲ್ಲಿ ಫಲಿತಾಂಶ ಪ್ರಕಟವಾದಾಗ ಜಗತ್ತಿಗೇ ಅಚ್ಚರಿ: ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು. ಆದರೆ ಮನೆಯವರ ವಿಷಯದಲ್ಲಿ ಒಂದು ತೊಡಕಿತ್ತು. ಕೆಲವು ವಾರಗಳಲ್ಲೇ ಕೆಮ್ಮು ನಿಲ್ಲುತ್ತದೆ, ಹಸಿವಾಗುತ್ತದೆ, ಮೈಗೆ ಕಸುವು ಬರುತ್ತದೆ. ಆಮೇಲೆ ಮಾತ್ರೆ ಯಾಕೆ ಅನ್ನಿಸುತ್ತದೆ. ಅದಕ್ಕೇ ಹೇಳದೆ ಕೇಳದೆ ಮನೆಗೆ ಹೋಗಿ ಮಾತ್ರೆ ಎಣಿಸುತ್ತಿದ್ದರು, ಮೂತ್ರ ಪರೀಕ್ಷೆ ಮಾಡುತ್ತಿದ್ದರು.

"ಕಾಯಿಲೆ ಇರುವಾಗ ಎಲ್ಲರೂ ಒಳ್ಳೆಯ ರೋಗಿಗಳೇ ಅಮ್ಮಾ," ಎಂದರು ಡಾಕ್ಟರು. "ಕೆಮ್ಮು ನಿಂತ ಮೇಲೆ ನೋಡಬೇಕು."

ಬಸ್ಸಿನಲ್ಲಿ ಮನೆಗೆ ಮರಳುವಾಗ ಆಕೆಗೆ ನಿಕೊಲಸ್ ಮೆವೊಲಿ ನೆನಪಾದ. ಅಮೆರಿಕದ ಹುಡುಗ, 32 ವರ್ಷ. 2013ರ ನವೆಂಬರ್ 17ರಂದು ಬಹಾಮಾಸ್‌ನ ಸ್ಪರ್ಧೆಯೊಂದರಲ್ಲಿ ಕಾಲಿಗೆ ರೆಕ್ಕೆಯಿಲ್ಲದೆ 72 ಮೀಟರ್ ಇಳಿದು, ಮೇಲೆ ಬಂದು, ಪ್ರಜ್ಞೆ ತಪ್ಪಿ ತೀರಿಕೊಂಡ. ಅದಕ್ಕೂ ಮೊದಲು ಆತನಿಗೆ ಸ್ಕ್ವೀಜ್ ಆಗಿತ್ತು, ಅದೇ ಸ್ಪರ್ಧೆಯ ದಿನಗಳಲ್ಲೂ. ಆ ಸಾವಿನ ಬಗ್ಗೆ ಓದಿದಾಗಲೆಲ್ಲ ಆಕೆ "ಅಷ್ಟು ಆಳ ನಾನೆಲ್ಲಿ ಹೋಗುತ್ತೇನೆ" ಎಂದು ಪುಟ ತಿರುಗಿಸಿದ್ದಳು. ಈಗ ಅನ್ನಿಸಿತು, ಓದಬೇಕಾಗಿದ್ದದ್ದು ಆಳದ ಅಂಕಿಯನ್ನಲ್ಲ, ಒಂದು ಮುಳುಗಿಗೂ ಇನ್ನೊಂದಕ್ಕೂ ನಡುವಿನ ದಿನಗಳನ್ನು.

ಆ ಸಂಜೆ ಗೆಳೆಯನಿಗೆ ಫೋನ್ ಮಾಡಿ ಟವೆಲಿನ ವಿಷಯ ಹೇಳಿದಳು. ಆತ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಅವತ್ತು ನೀನು ಇನ್ನೊಂದು ಸಲ ಇಳೀತೀನಿ ಅಂದಿದ್ದರೆ ನಾನು ಹೂಂ ಅಂತಿದ್ದೆ, ಗೊತ್ತಾ?" ಎಂದ. ಬೈದಿದ್ದರೆ ಇಷ್ಟು ತಾಗುತ್ತಿರಲಿಲ್ಲ. ನೀರಿನಲ್ಲಿ ಜೊತೆಗಾರ ಕಾಯುವುದು ತನಗೆ ಗೊತ್ತಿರುವಷ್ಟನ್ನು ಮಾತ್ರ.

ಸ್ಕ್ವೀಜ್ ಆದವರು ಎಷ್ಟು ದಿನ ಬಿಟ್ಟು ಇಳಿಯಬೇಕು ಎಂಬುದಕ್ಕೆ ಎಲ್ಲರೂ ಒಪ್ಪಿದ ಒಂದು ಅಂಕಿಯಿಲ್ಲ. ಹಾಗಾಗಿ ಇಬ್ಬರೂ ಕೂತು ತಮ್ಮದೇ ನಿಯಮ ಬರೆದುಕೊಂಡರು. ಮೂರು ತಿಂಗಳು ಆಳವಿಲ್ಲ. ನಡಿಗೆ, ಎದೆ ಮತ್ತು ಪಕ್ಕೆಲುಬು ಸಡಿಲಿಸುವ ವ್ಯಾಯಾಮ ಮಾತ್ರ. ಡಾಕ್ಟರು ಇನ್ನೊಮ್ಮೆ ನೋಡಿ ಹೂಂ ಎಂದ ಮೇಲೆ 10 ಮೀಟರಿನಿಂದ ಮತ್ತೆ ಶುರು. ಆಳ ಹೆಚ್ಚಿಸುವುದು ಒಂದೊಂದೇ ಮೀಟರ್, ಅದೂ ಹಿಂದಿನ ಆಳ ಹಲವು ಸಲ ಆರಾಮವಾದ ಮೇಲೆ. ಕೆಳಗೆ ವಪೆ ಜಗ್ಗಿದರೆ ಅಲ್ಲಿಂದಲೇ ವಾಪಸ್. ಚಳಿಯಾದರೆ, ನಿದ್ದೆಗೆಟ್ಟಿದ್ದರೆ ಆ ದಿನ ದೋಣಿಯಲ್ಲೇ. ದಿನಾಂಕಗಳ ಪುಸ್ತಕ ಆಕೆಯ ಬಳಿ ಅಲ್ಲ, ಆತನ ಬಳಿ.

ಎರಡನೆಯ ತಿಂಗಳು ಎಲ್ಲಕ್ಕಿಂತ ಕಷ್ಟವಾಯಿತು. ಕೆಮ್ಮಿರಲಿಲ್ಲ, ಸುಸ್ತಿರಲಿಲ್ಲ, ಆಕ್ಸಿಮೀಟರ್ 99 ತೋರಿಸುತ್ತಿತ್ತು. ಕಡಲು ತಿಳಿಯಾಗಿ ಶಾಂತವಾಗಿತ್ತು. ಗುಂಪಿನವರು ದೋಣಿಯ ಫೋಟೋ ಕಳಿಸುತ್ತಿದ್ದರು. ಒಂದು ರಾತ್ರಿ "ಈ ಭಾನುವಾರ ಸುಮ್ಮನೆ 15ಕ್ಕೆ?" ಎಂದು ಗೆಳೆಯನಿಗೆ ಬರೆದಳು. ಆತ ಪುಸ್ತಕದ ಪುಟದ ಫೋಟೋ ಕಳಿಸಿದ. ಆಕೆಯದೇ ಕೈಬರಹದ ದಿನಾಂಕ, ಇನ್ನೂ 40 ದಿನ. ಸಿಟ್ಟು ಬಂತು. ಬೆಳಿಗ್ಗೆ ಎದ್ದು ಬೀಚಿನಲ್ಲಿ ನಡೆದು ಬಂದಳು.

ಮತ್ತೆ ದೋಣಿ ಹತ್ತಿದ ದಿನ ಇಳಿದದ್ದು 10 ಮೀಟರ್. ಕೆಳಗೆ ಹಗ್ಗ ಇನ್ನೂ ಹಸಿರು ಮಬ್ಬಿನೊಳಗೆ ಹೋಗುತ್ತಿತ್ತು, ಆಕೆ ಗುರುತಿನ ಹತ್ತಿರ ತಿರುಗಿದಳು. ಮೇಲೆ ಬಂದು ಉಸಿರೆಳೆದುಕೊಂಡಾಗ ಗೆಳೆಯ ಹೇಗಿತ್ತು ಎಂದು ಕೇಳಲಿಲ್ಲ. ಬಿಳಿ ಟವೆಲು ಚಾಚಿ, "ಉಗುಳು" ಎಂದ.

ಉಗುಳಿದಳು. ಇಬ್ಬರೂ ಬಗ್ಗಿ ನೋಡಿದರು. ಬರೀ ಉಗುಳು.